ಸುಸ್ತನ್ನು ಅಳೆಯುವ ಪ್ರಶ್ನಾವಳಿಗಳು: ರೋಗಿಯಾಗಿ ಬಳಸಿ ನೋಡಿದ ಮೇಲೆ

ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಬೆನ್ನುಮೂಳೆಯ ಸ್ಪಾಂಡಿಲೈಟಿಸ್‌ನಂಥ ಸಂಧಿವಾತದ ಕಾಯಿಲೆಗಳು ಇರುವವರಿಗೆ ಏನು ತಿನ್ನಬೇಕು, ಯಾವ ಎಣ್ಣೆ ಹಚ್ಚಬೇಕು ಎಂದು ಹೇಳುವ ಬರಹಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಈ ಕಾಯಿಲೆಗಳು ತರುವ ಸುಸ್ತನ್ನು ಅಳೆಯುವ ಪ್ರಶ್ನಾವಳಿಗಳ ಬಗ್ಗೆ ಮಾತ್ರ ರೋಗಿಯೊಬ್ಬರು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಔಷಧಿಯಷ್ಟೇ ಇವೂ ನನ್ನ ಚಿಕಿತ್ಸೆಯ ದಾರಿಯನ್ನು ಬದಲಿಸಿವೆ. ಆದ್ದರಿಂದ ಒಂದು ಮಿಕ್ಸಿಯ ಬಗ್ಗೆ, ಒಂದು ಹೋಟೆಲಿನ ಬಗ್ಗೆ ಬರೆಯುವ ಹಾಗೆ ಇವುಗಳ ಬಗ್ಗೆಯೂ ಬರೆಯುತ್ತಿದ್ದೇನೆ.

ನಾನು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ನಿರೀಕ್ಷಕಿ. ದಾವಣಗೆರೆಯ ಮಂಡಿಪೇಟೆಯಲ್ಲಿ, ಎಪಿಎಂಸಿ ಪ್ರಾಂಗಣದಲ್ಲಿ, ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ತಕ್ಕಡಿ ಮತ್ತು ಪಂಪುಗಳನ್ನು ಪರೀಕ್ಷಿಸಿ ಮುದ್ರೆ ಹಾಕುವುದು ನನ್ನ ಕೆಲಸ. ಯಾವ ಅಳತೆ ಸಾಧನ ಕೈಗೆ ಬಂದರೂ ನನಗೆ ಕೆಲವು ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಏನೂ ಇಡದಿದ್ದಾಗ ಸೊನ್ನೆ ತೋರಿಸುತ್ತದೆಯೇ? ಒಂದೇ ಭಾರವನ್ನು ಎರಡು ಸಲ ಇಟ್ಟರೆ ಒಂದೇ ಅಂಕಿ ಬರುತ್ತದೆಯೇ? ಸ್ವಲ್ಪ ಹೆಚ್ಚಿಸಿದರೆ ಅದಕ್ಕೆ ತಿಳಿಯುತ್ತದೆಯೇ? ಮಾರುವವನೂ ಕೊಳ್ಳುವವನೂ ನಿಂತಲ್ಲಿಂದಲೇ ಅದನ್ನು ಓದಬಹುದೇ? ಈ ಪ್ರಶ್ನಾವಳಿಗಳಿಗೂ ಇವೇ ಪ್ರಶ್ನೆಗಳನ್ನು ಹಾಕಿದ್ದೇನೆ.

ಮೊದಲು ಇವುಗಳ ಅಗತ್ಯವೇನೆಂದು ಹೇಳಬೇಕು. ನನಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್, ಕೀಲುಗಳು ಊದಿ ನೋಯುವ ಒಂದು ಬಗೆಯ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಜೊತೆಗೆ ಫೋಲಿಕ್ ಆಸಿಡ್, ದಿನವೂ ಹೈಡ್ರಾಕ್ಸಿಕ್ಲೋರೊಕ್ವಿನ್. ರೋಗ ಎಷ್ಟು ಚುರುಕಾಗಿದೆ ಎಂದು ತಿಳಿಯಲು ವೈದ್ಯರು ಬಳಸುವ ಹೆಸರಾಂತ ಸೂತ್ರ ಡಿಎಎಸ್ 28. ಭುಜ, ಮೊಣಕೈ, ಮಣಿಕಟ್ಟು, ಬೆರಳು, ಮೊಣಕಾಲು ಸೇರಿ 28 ಕೀಲುಗಳನ್ನು ಒತ್ತಿ ನೋಡಿ, ಎಷ್ಟು ನೋಯುತ್ತವೆ, ಎಷ್ಟು ಊದಿವೆ ಎಂದು ಎಣಿಸಿ, ಅದಕ್ಕೆ ಉರಿಯೂತವನ್ನು ತೋರಿಸುವ ಇಎಸ್ಆರ್ ಅಥವಾ ಸಿಆರ್‌ಪಿ ರಕ್ತಪರೀಕ್ಷೆಯನ್ನೂ ರೋಗಿಯ ಒಟ್ಟು ಅನಿಸಿಕೆಯನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಪಾದದ ಕೀಲುಗಳು ಆ 28ರಲ್ಲಿ ಇಲ್ಲ. ಸುಸ್ತಿಗೂ ಅಲ್ಲಿ ತನ್ನದೇ ಆದ ಜಾಗವಿಲ್ಲ.

ನಾನು ಮೊದಲು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ ಇದರಿಂದಲೇ ತೊಂದರೆಯಾಯಿತು. ಊತ ಇಳಿದಿತ್ತು, ಇಎಸ್ಆರ್ ಇಳಿದಿತ್ತು. "ರೋಗ ಹತೋಟಿಗೆ ಬಂದಿದೆಯಮ್ಮ, ಇದೇ ಮಾತ್ರೆ ಮುಂದುವರಿಸಿ" ಎಂದು ಡಾಕ್ಟರು ಹೇಳುತ್ತಿದ್ದರು. ನಾನಾದರೋ ಮಧ್ಯಾಹ್ನದ ಹೊತ್ತಿಗೆ ಜೀಪಿನಲ್ಲಿ ಕುಳಿತು, ಬಾಗಿಲು ತೆರೆದು ಇಳಿಯುವ ಯೋಚನೆಗೇ ಸೋತು ಹೋಗುತ್ತಿದ್ದೆ. ಬಿಸಿಲಿನಲ್ಲಿ ಓಡಾಡಿದ ದಣಿವು ನನಗೆ ಗೊತ್ತು. ಮಜ್ಜಿಗೆ ಕುಡಿದು ಅರ್ಧ ಗಂಟೆ ಒರಗಿದರೆ ಅದು ಹೋಗುತ್ತದೆ. ಇದು ಹಾಗಲ್ಲ. ರಾತ್ರಿ ಪೂರ್ತಿ ಮಲಗಿ ಎದ್ದರೂ ಮೈ ಮಲಗಿಯೇ ಇರುತ್ತದೆ. ನೋವಿಲ್ಲದ ದಿನವೂ ಇರುತ್ತದೆ. "ತುಂಬಾ ಸುಸ್ತು ಸಾರ್" ಎಂದರೆ ಫೈಲಿನಲ್ಲಿ ಅದಕ್ಕೆ ಒಂದು ಸಾಲೂ ಬೀಳುತ್ತಿರಲಿಲ್ಲ. ಬರೆದಿಡದ ಮೇಲೆ ಮುಂದಿನ ಸಲ ಅದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಯಾರು ಹೇಳಬೇಕು?

ಈ ಉಪೇಕ್ಷೆ ನಮ್ಮ ಊರಿನದು ಮಾತ್ರವಲ್ಲ. ಸಂಧಿವಾತದ ಔಷಧ ಪ್ರಯೋಗಗಳಲ್ಲಿ ಏನೇನನ್ನು ಅಳೆಯಬೇಕು ಎಂದು ತೀರ್ಮಾನಿಸಲು ಓಮೆರಾಕ್ಟ್ ಎಂಬ ಅಂತರರಾಷ್ಟ್ರೀಯ ಕೂಟ 1992ರಿಂದ ಸೇರುತ್ತಿದೆ. ಆಗ ಒಪ್ಪಿಕೊಂಡ ಮೂಲ ಪಟ್ಟಿಯಲ್ಲಿ ಊದಿದ ಕೀಲು, ನೋವು, ದೈನಂದಿನ ಚಟುವಟಿಕೆ, ರಕ್ತಪರೀಕ್ಷೆ ಇದ್ದವು, ಸುಸ್ತು ಇರಲಿಲ್ಲ. 2002ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಸಭೆಗೆ ರೋಗಿಗಳನ್ನೂ ಕರೆದರು. ನಮ್ಮನ್ನು ಹೆಚ್ಚು ಕಾಡುವ ಸುಸ್ತನ್ನು ನೀವು ಅಳೆಯುವುದೇ ಇಲ್ಲವಲ್ಲ ಎಂದು ಅವರು ಕೇಳಿದರು. 2006ರ ಮಾಲ್ಟಾ ಸಭೆಯಲ್ಲಿ ಒಮ್ಮತ ಮೂಡಿತು. ರುಮಟಾಯ್ಡ್ ಆರ್ಥ್ರೈಟಿಸ್ ಪ್ರಯೋಗಗಳಲ್ಲಿ ಸಾಧ್ಯವಾದಲ್ಲೆಲ್ಲ ಸುಸ್ತನ್ನೂ ಅಳೆಯಬೇಕು ಎಂಬ ಶಿಫಾರಸು 2007ರಲ್ಲಿ ಪ್ರಕಟವಾಯಿತು. ತಜ್ಞರು ಕೂತ ಕೋಣೆಗೆ ರೋಗಿಗಳನ್ನು ಬಿಟ್ಟುಕೊಂಡದ್ದರಿಂದ ಆದ ಬದಲಾವಣೆ ಇದು. ಇದನ್ನು ಓದಿದ ದಿನ ನನಗೆ ಬಹಳ ಧೈರ್ಯ ಬಂತು.

ಈಗ ನಾನು ಹೋಗುವ ಕ್ಲಿನಿಕ್ಕಿನಲ್ಲಿ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಇದ್ದಾರೆ, ಅಂದರೆ ದಿನದ ಕೆಲಸಗಳನ್ನು ಕಾಯಿಲೆಗೆ ಹೊಂದಿಸಿಕೊಂಡು ಮಾಡಲು ಕಲಿಸುವವರು. ಮಗಳ ವಯಸ್ಸಿನ ಹುಡುಗಿ, ತಾಳ್ಮೆ ಮಾತ್ರ ಅಜ್ಜಿಯದು. ಇಂಗ್ಲಿಷಿನ ಹಾಳೆಗಳನ್ನು ಎದುರಿಗೆ ಇಟ್ಟುಕೊಂಡು, ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಬಿಡಿಸಿ ಕೇಳಿ, ನಾನು ಹೇಳಿದ ಅಂಕಿಗೆ ಸುತ್ತು ಹಾಕಿಸಿದವರು ಅವರೇ.

ಅವರು ಮೊದಲು ಕೊಟ್ಟದ್ದು ಒಂದು ಗೆರೆ. ಇದಕ್ಕೆ ವಿಷುವಲ್ ಅನಲಾಗ್ ಸ್ಕೇಲ್ ಎಂದು ಹೆಸರು. 100 ಮಿಲಿಮೀಟರ್ ಉದ್ದದ ಅಡ್ಡಗೆರೆ. ಎಡತುದಿಯಲ್ಲಿ "ಸುಸ್ತೇ ಇಲ್ಲ", ಬಲತುದಿಯಲ್ಲಿ "ಇದಕ್ಕಿಂತ ಹೆಚ್ಚು ಸುಸ್ತಾಗಲು ಸಾಧ್ಯವಿಲ್ಲ" ಎಂಬರ್ಥದ ಮಾತು. ನಡುವೆ ಎಲ್ಲಾದರೂ ಒಂದು ಗೀಟು ಹಾಕಬೇಕು. ಎಡತುದಿಯಿಂದ ಆ ಗೀಟಿನವರೆಗಿನ ಮಿಲಿಮೀಟರುಗಳೇ ನಿಮ್ಮ ಅಂಕ. ಅರ್ಧ ನಿಮಿಷದ ಕೆಲಸ. ಓದು ಬರಹ ಕಡಿಮೆ ಇರುವವರಿಗೂ ವಿವರಿಸಿ ಹೇಳಬಹುದು.

ಗೀಟು ಹಾಕಿದವಳೇ ಚೀಲದಿಂದ ಉಕ್ಕಿನ ಸ್ಕೇಲ್ ತೆಗೆದು ಗೆರೆಯ ಮೇಲಿಟ್ಟೆ. ಗೆರೆ 96 ಮಿಲಿಮೀಟರ್ ಇತ್ತು. ಜೆರಾಕ್ಸಿನ ಮೇಲೆ ಜೆರಾಕ್ಸ್ ಮಾಡುತ್ತಾ ಬಂದು ಹಾಳೆ ಕುಗ್ಗಿತ್ತು. ನನ್ನ ಗೀಟು 70ರ ಹತ್ತಿರ ಬಿದ್ದಿತ್ತು. 96ರಲ್ಲಿ 70 ಎಂದರೆ ನೂರಕ್ಕೆ ಸುಮಾರು 73. ಮುಂದಿನ ಸಲ ಯಾರಾದರೂ ಮೂಲ ಪ್ರತಿಯನ್ನೇ ಕೊಟ್ಟು, ನಾನು ಅದೇ ಪ್ರಮಾಣದಲ್ಲಿ ಗೀಟು ಹಾಕಿದರೆ ಸುಸ್ತು ಮೂರು ಅಂಕ ಏರಿದಂತೆ ಕಾಣುತ್ತದೆ. ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಅಳತೆಪಾತ್ರೆ ಹಿಡಿದಾಗ 25 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಾವು ಪಂಪನ್ನು ಒಪ್ಪುವುದಿಲ್ಲ. ಅದು ನೂರಕ್ಕೆ ಅರ್ಧ. ಇಲ್ಲಿ ನೂರಕ್ಕೆ ನಾಲ್ಕು. ಥೆರಪಿಸ್ಟ್ ನನ್ನ ಕೈಯಿಂದ ಸ್ಕೇಲ್ ಇಸಿದುಕೊಂಡು ತಾವೂ ಅಳೆದು ನೋಡಿದರು. ಹಳೆಯ ಪ್ರತಿಗಳನ್ನೆಲ್ಲ ತೆಗೆದುಹಾಕಿ ಹೊಸದಾಗಿ ಮುದ್ರಿಸಿದರು. ಗೆರೆ ಬಳಸುವ ಕ್ಲಿನಿಕ್ಕುಗಳೆಲ್ಲ ಒಮ್ಮೆ ಸ್ಕೇಲ್ ಇಟ್ಟು ನೋಡಲಿ ಎಂದು ಕೈಮುಗಿದು ಕೇಳುತ್ತೇನೆ.

ಗೆರೆಯ ದೊಡ್ಡ ಕೊರತೆ ಉದ್ದದಲ್ಲಿಲ್ಲ. ಬಲತುದಿಯ ಮಾತನ್ನು ಒಂದೊಂದು ಆಸ್ಪತ್ರೆ ಒಂದೊಂದು ರೀತಿ ಬರೆಯುತ್ತದೆ. ಎಷ್ಟು ದಿನದ ಸುಸ್ತು ಎಂದು ಕೆಲವು ಹಾಳೆಗಳು ಕೇಳುವುದೇ ಇಲ್ಲ. ಇಂದಿನದೋ, ಈ ವಾರದ್ದೋ, ಈ ತಿಂಗಳದ್ದೋ? ಹೀಗಾಗಿ ಒಂದು ಕಡೆಯ 70 ಇನ್ನೊಂದು ಕಡೆಯ 70 ಅಲ್ಲ. ಏನೂ ಇಲ್ಲದ ಕಡೆ ಇದು ಪರವಾಗಿಲ್ಲ. ಅಷ್ಟೇ.

ಎರಡನೆಯದು ಬ್ರಿಸ್ಟಲ್‌ನಿಂದ ಬಂದ ಮೂರು ಅಂಕಿಗಳ ಹಾಳೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರುಮಟಾಲಜಿ ನರ್ಸಿಂಗ್ ಪ್ರಾಧ್ಯಾಪಕಿ ಸಾರಾ ಹ್ಯೂಲೆಟ್ ಮತ್ತು ಅವರ ಸಂಗಡಿಗರು ರುಮಟಾಯ್ಡ್ ಆರ್ಥ್ರೈಟಿಸ್ ರೋಗಿಗಳನ್ನು ಕೂರಿಸಿಕೊಂಡು, ಅವರ ಬಾಯಿಯಿಂದಲೇ ಸುಸ್ತಿನ ವರ್ಣನೆ ಕೇಳಿ, ಆ ಮಾತುಗಳಿಂದಲೇ ಪ್ರಶ್ನೆಗಳನ್ನು ಕಟ್ಟಿದರು. ಬ್ರಾಫ್ ಎಂದು ಕರೆಯುವ ಈ ಸಾಧನಗಳು 2010ರಲ್ಲಿ ಪ್ರಕಟವಾದವು. ಚಿಕ್ಕದರಲ್ಲಿ ಮೂರೇ ಪ್ರಶ್ನೆ, ಮೂರಕ್ಕೂ ಸೊನ್ನೆಯಿಂದ ಹತ್ತು, ಮೂರೂ ಕಳೆದ ಏಳು ದಿನಗಳ ಬಗ್ಗೆ. ಸುಸ್ತು ಸರಾಸರಿ ಎಷ್ಟಿತ್ತು? ಅದು ನಿಮ್ಮ ಬದುಕಿನ ಮೇಲೆ ಎಷ್ಟು ಪರಿಣಾಮ ಮಾಡಿತು? ಅದನ್ನು ಎಷ್ಟು ಚೆನ್ನಾಗಿ ನಿಭಾಯಿಸಿದಿರಿ?

ನನಗೆ ಅತ್ಯಂತ ಇಷ್ಟವಾದದ್ದು ಇದು. ಕಾರಣ ಹೇಳುತ್ತೇನೆ. ಮೊದಲ ಸಲ ನಾನು ಸುಸ್ತಿಗೆ ಏಳು, ಪರಿಣಾಮಕ್ಕೆ ಎಂಟು, ನಿಭಾಯಿಸಿದ್ದಕ್ಕೆ ಮೂರು ಹಾಕಿದ್ದೆ. ಆಮೇಲೆ ಥೆರಪಿಸ್ಟ್ ಜೊತೆ ಕೂತು ಕೆಲಸವನ್ನು ಬೇರೆ ರೀತಿ ಹಂಚಿಕೊಂಡೆ. ಬಂಕ್ ಪರೀಕ್ಷೆಗಳನ್ನು ಬೆಳಗಿಗೆ, ಕಡತದ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆ. 20 ಕೆಜಿಯ ತೂಕದ ಕಲ್ಲುಗಳನ್ನು ಎತ್ತಿಡುವುದನ್ನು ಸಹಾಯಕರಿಗೆ ಬಿಟ್ಟೆ. ಸುಸ್ತಾದ ಮೇಲೆ ಕೂರುವ ಬದಲು ಸುಸ್ತಾಗುವ ಮುಂಚೆಯೇ ಕೂರುವುದನ್ನು ರೂಢಿಸಿಕೊಂಡೆ. ಸಂಜೆ ನಿಧಾನವಾಗಿ ನಡೆಯಲು ಶುರು ಮಾಡಿದೆ. ಕೆಲವು ತಿಂಗಳ ಬಳಿಕ ಅದೇ ಹಾಳೆಯಲ್ಲಿ ಸುಸ್ತು ಆರಕ್ಕೆ ಬಂದು ನಿಂತಿತ್ತು, ಹೆಚ್ಚೇನೂ ಇಳಿದಿರಲಿಲ್ಲ. ಆದರೆ ಪರಿಣಾಮ ನಾಲ್ಕಕ್ಕೆ ಇಳಿದಿತ್ತು, ನಿಭಾಯಿಸುವುದು ಏಳಕ್ಕೆ ಏರಿತ್ತು. ಒಂದೇ ಗೆರೆಯ ಹಾಳೆಯಾಗಿದ್ದರೆ "ಏನೂ ಉಪಯೋಗವಾಗಲಿಲ್ಲ" ಎಂದು ಫೈಲು ಮುಚ್ಚುತ್ತಿದ್ದರು. ನಾನು ಆ ತಿಂಗಳುಗಳಲ್ಲಿ ಮಾಡಿದ ಅಷ್ಟೂ ಪ್ರಯತ್ನ ಲೆಕ್ಕಕ್ಕೆ ಸಿಕ್ಕಿದ್ದು ಉಳಿದ ಎರಡು ಅಂಕಿಗಳಿಂದ.

ಇದೇ ಪರಿಣಾಮದ ಅಂಕಿಯನ್ನು ಬ್ರಿಟನ್ನಿನ ರಾಫ್ಟ್ ಎಂಬ ಪ್ರಯೋಗದಲ್ಲಿ ಮುಖ್ಯ ಅಳತೆಯಾಗಿ ಬಳಸಿದರು. ಏಳು ಆಸ್ಪತ್ರೆಗಳಲ್ಲಿ ನರ್ಸುಗಳು ಮತ್ತು ಆಕ್ಯುಪೇಷನಲ್ ಥೆರಪಿಸ್ಟರು ತರಬೇತಿ ಪಡೆದು, ಸುಸ್ತು ಹತ್ತಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚಿದ್ದ ರೋಗಿಗಳ ಗುಂಪುಗಳನ್ನು ಕೂರಿಸಿಕೊಂಡು ಸುಸ್ತನ್ನು ನಿಭಾಯಿಸುವ ಬಗೆಯನ್ನು ಕಲಿಸಿದರು. 2019ರಲ್ಲಿ ಫಲಿತಾಂಶ ಬಂತು. ಇಳಿಕೆ ಸಣ್ಣದೇ, ಆದರೆ ಎರಡು ವರ್ಷದವರೆಗೂ ಉಳಿಯಿತು. ನನ್ನ ಹಾಳೆಯಲ್ಲಿ ಕಂಡದ್ದು ನನ್ನೊಬ್ಬಳ ಭ್ರಮೆಯಲ್ಲ ಎಂದು ಇದರಿಂದ ಸಮಾಧಾನವಾಯಿತು.

ಒಂದು ಎಚ್ಚರಿಕೆ. ಮೊದಲ ಎರಡು ಪ್ರಶ್ನೆಗಳಲ್ಲಿ ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ಮೂರನೆಯದರಲ್ಲಿ ಅಂಕ ಹೆಚ್ಚಿದಷ್ಟೂ ಒಳ್ಳೆಯದು. ಆದ್ದರಿಂದ ಮೂರನ್ನೂ ಕೂಡಿಸಬಾರದು. ಬೇರೆ ಬೇರೆಯಾಗಿಯೇ ಬರೆದಿಡಬೇಕು.

ಮೂರನೆಯದು ಫೆಸಿಟ್ ಫಟೀಗ್. ಹದಿಮೂರು ವಾಕ್ಯಗಳು, ಪ್ರತಿಯೊಂದಕ್ಕೂ "ಎಳ್ಳಷ್ಟೂ ಇಲ್ಲ" ಎಂಬಲ್ಲಿಂದ "ತುಂಬಾ" ಎಂಬಲ್ಲಿಯವರೆಗೆ ಐದು ಮನೆ. ಇದೂ ಕಳೆದ ಏಳು ದಿನಗಳದ್ದೇ. ಮೈಯೆಲ್ಲ ಬಲಹೀನವಾಗಿದೆ, ಸುಸ್ತಿನಿಂದ ಕೆಲಸ ಶುರು ಮಾಡುವುದೇ ಕಷ್ಟ, ಶುರು ಮಾಡಿದ್ದನ್ನು ಮುಗಿಸುವುದು ಕಷ್ಟ, ಹಗಲು ಮಲಗಬೇಕಾಗುತ್ತದೆ, ಬೇಕೆನಿಸಿದ್ದನ್ನು ಮಾಡಲಾಗದೆ ಬೇಸರವಾಗುತ್ತದೆ, ಹೀಗೆ. ಶುರು ಮಾಡುವುದನ್ನೂ ಮುಗಿಸುವುದನ್ನೂ ಬೇರೆ ಬೇರೆ ಕೇಳಿದ್ದಾರಲ್ಲ, ಅದನ್ನು ಬರೆದವರಿಗೆ ರೋಗಿಯ ದಿನಚರಿ ಗೊತ್ತಿದೆ. ಬೆಳಗ್ಗೆ ನನ್ನ ತೊಂದರೆ ಶುರು ಮಾಡುವುದರಲ್ಲಿ. ಸಂಜೆಗೆ ಮುಗಿಸುವುದರಲ್ಲಿ.

ಇದು ಹುಟ್ಟಿದ್ದು ಸಂಧಿವಾತಕ್ಕಾಗಿ ಅಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಡೇವಿಡ್ ಸೆಲ್ಲಾ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳ ರಕ್ತಹೀನತೆಯಿಂದಾಗುವ ಸುಸ್ತನ್ನು ಅಳೆಯಲು ಮಾಡಿದ್ದು. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲೂ ಇದು ಸರಿಯಾಗಿ ಕೆಲಸ ಮಾಡುತ್ತದೆ ಎಂದು 2005ರಲ್ಲಿ ತೋರಿಸಿದರು. ಈಗ ಹೊಸ ಔಷಧಗಳ ಪ್ರಯೋಗಗಳಲ್ಲಿ ಹೆಚ್ಚಾಗಿ ಕಾಣಿಸುವುದು ಇದೇ. ಅಂಕ ಸೊನ್ನೆಯಿಂದ 52. ಮೂರು ನಾಲ್ಕು ಅಂಕ ಬದಲಾದರೆ ರೋಗಿಗೆ ಅನುಭವಕ್ಕೆ ಬರುವಷ್ಟು ಬದಲಾವಣೆ ಎಂದು ಲೆಕ್ಕ. ಎಷ್ಟು ಬದಲಾದರೆ ನಿಜವಾದ ಬದಲಾವಣೆ ಎಂದು ಹೇಳುವ ಸಾಧನ ನನ್ನ ಕಣ್ಣಿಗೆ ಪೂರ್ಣ ಸಾಧನ. ಆ ಮಾತಿಗಾಗಿ ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ.

ನನ್ನ ವಿಷಯದಲ್ಲಿ ಇದು ದೊಡ್ಡ ಉಪಕಾರ ಮಾಡಿತು. ಮೊದಲ ಸಲದ ಅಂಕ 22. ಇಷ್ಟು ಕೆಳಗಿದೆಯಲ್ಲ ಎಂದು ಡಾಕ್ಟರು ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ಮಾಡಿಸಲು ಬರೆದರು. ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದೂ ಕೂರಿಸಿಕೊಂಡು ಕೇಳಿದರು. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.4 ಬಂತು. ಕಬ್ಬಿಣದ ಅಂಶ ಕಡಿಮೆಯಿದೆ ಎಂದು ಗೊತ್ತಾಗಿ ಅದಕ್ಕೆ ಚಿಕಿತ್ಸೆ ಶುರುವಾಯಿತು. ಮುಂದಿನ ಸಲ ಅಂಕ 29. ಪ್ರಶ್ನಾವಳಿ ಸುಸ್ತಿನ ಕಾರಣ ಹೇಳುವುದಿಲ್ಲ, ಹೇಳಲಾರದು. ಉರಿಯೂತ, ನೋವು, ನಿದ್ದೆಗೇಡು, ರಕ್ತಹೀನತೆ, ಖಿನ್ನತೆ, ಓಡಾಟ ಕಡಿಮೆಯಾಗಿ ಸೋತ ಸ್ನಾಯುಗಳು, ಕೆಲವರಿಗೆ ಸ್ಟೆರಾಯ್ಡ್ ಮಾತ್ರೆಯಿಂದ ಹಾಳಾದ ರಾತ್ರಿ, ಇಷ್ಟರಲ್ಲಿ ಯಾವುದೂ ಇರಬಹುದು, ಎಲ್ಲವೂ ಸೇರಿರಬಹುದು. ಆದರೆ ಒಂದು ಅಂಕಿ ಎದುರಿಗಿದ್ದರೆ ಹುಡುಕುವ ಕೆಲಸ ಶುರುವಾಗುತ್ತದೆ. "ತುಂಬಾ ಸುಸ್ತು" ಎಂಬ ನನ್ನ ಮಾತು ವರ್ಷಗಟ್ಟಲೆ ಮಾಡಿಸಲಾಗದ ರಕ್ತಪರೀಕ್ಷೆಯನ್ನು ಆ 22 ಒಂದೇ ದಿನದಲ್ಲಿ ಮಾಡಿಸಿತು.

ಇದರ ತೊಡಕು ದಿಕ್ಕಿನದು. ಫೆಸಿಟ್‌ನಲ್ಲಿ ಅಂಕ ಹೆಚ್ಚಿದಷ್ಟೂ ಸುಸ್ತು ಕಡಿಮೆ. ಗೆರೆಯಲ್ಲಿ ಉಲ್ಟಾ. ನಾನು 22ರಿಂದ 29ಕ್ಕೆ ಏರಿ ಖುಷಿಯಿಂದ ಹೋದರೆ, ಅಂದು ಡ್ಯೂಟಿಯಲ್ಲಿದ್ದ ಕಿರಿಯ ವೈದ್ಯರು "ಸುಸ್ತು ಹೆಚ್ಚಾಗಿದೆ" ಎಂದು ಫೈಲಿನಲ್ಲಿ ಬರೆಯುತ್ತಿದ್ದರು. ಪಕ್ಕದಲ್ಲೇ ಇದ್ದುದರಿಂದ ತಡೆದೆ. ಅವರ ಮೇಲೆ ನನಗೆ ಕೋಪವಿಲ್ಲ. ಒಂದೇ ಫೈಲಿನಲ್ಲಿ ಎರಡು ದಿಕ್ಕಿನ ಅಳತೆಗಳಿದ್ದರೆ ಯಾರಿಗಾದರೂ ಹೀಗಾಗುತ್ತದೆ. ಈಗ ನಾನೇ ಪ್ರತಿ ಫೆಸಿಟ್ ಹಾಳೆಯ ತಲೆಯಲ್ಲಿ ಕೆಂಪು ಪೆನ್ನಿನಲ್ಲಿ "ಹೆಚ್ಚು ಅಂಕ = ಸುಸ್ತು ಕಡಿಮೆ" ಎಂದು ಬರೆಯುತ್ತೇನೆ.

ಇನ್ನೊಂದು ಮಾತು. "ಊಟ ಮಾಡಲೂ ಆಗದಷ್ಟು ಸುಸ್ತು" ಎಂಬ ವಾಕ್ಯ ಇದರಲ್ಲಿದೆ. ಆ ಸಾಲಿಗೆ ನಾನು ಯಾವಾಗಲೂ "ಇಲ್ಲ" ಎಂದೇ ಹಾಕುತ್ತೇನೆ. ಊಟ ಮಾಡಲು ನನಗೆ ಕಷ್ಟವಿಲ್ಲ. ಅಡಿಗೆ ಮಾಡಲು ಕಷ್ಟ. ಕೆಲಸದಿಂದ ಬಂದು ಜೋಳದ ಹಿಟ್ಟು ನಾದಿ, ತಟ್ಟಿ, ಬೇಯಿಸಿ, ನಾಲ್ಕು ಜನರ ತಟ್ಟೆಗೆ ಹಾಕುವ ಹೊತ್ತಿಗೆ ನನ್ನದೆಲ್ಲ ಮುಗಿದಿರುತ್ತದೆ. ರೊಟ್ಟಿ ತಟ್ಟುವುದನ್ನು ಬಿಟ್ಟು ವಾರದ ಹೆಚ್ಚು ದಿನ ಖಡಕ್ ರೊಟ್ಟಿಯನ್ನು ಅಂಗಡಿಯಿಂದ ತರಿಸಲು ಶುರು ಮಾಡಿದ್ದು ನಮ್ಮ ಮನೆಯಲ್ಲಿ ಸಣ್ಣ ಬದಲಾವಣೆಯಲ್ಲ. ಈ ಹದಿಮೂರು ವಾಕ್ಯಗಳಲ್ಲಿ ಅಡಿಗೆಯ ಹೆಸರಿಲ್ಲ. ದಿನದ ಕೆಲಸ ಎಂಬ ದೊಡ್ಡ ಮಾತಿನೊಳಗೆ ಅದು ಸೇರಿಹೋಗಿದೆ. ಸಂಧಿವಾತದ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಹೆಂಗಸರು. ಅವರಲ್ಲಿ ಬಹುತೇಕರು ಬೆಳಗ್ಗೆ ಒಲೆಯ ಮುಂದೆ ನಿಂತು ಬಂದವರು. ನಮ್ಮಲ್ಲಿ ಇದನ್ನು ಬಳಸುವವರು ಬಾಯಿಮಾತಿನಲ್ಲಾದರೂ ಆ ಪ್ರಶ್ನೆಯನ್ನು ಸೇರಿಸಿ ಕೇಳಬೇಕು.

ನಾಲ್ಕನೆಯದು ಬ್ರಾಫ್‌ನ ದೊಡ್ಡ ಪ್ರಶ್ನಾವಳಿ, ಬ್ರಾಫ್ ಎಂಡಿಕ್ಯು. 20 ಪ್ರಶ್ನೆ, ಒಟ್ಟು 70 ಅಂಕ, ಹೆಚ್ಚಿದಷ್ಟೂ ಕಷ್ಟ. ನಾಲ್ಕು ಭಾಗಗಳು: ದೈಹಿಕ ಸುಸ್ತಿಗೆ 22, ಸುಸ್ತಿನೊಂದಿಗಿನ ದಿನನಿತ್ಯದ ಬದುಕಿಗೆ 21, ಯೋಚನಾಶಕ್ತಿಗೆ 15, ಭಾವನೆಗೆ 12. ಎಷ್ಟು ದಿನ ಸುಸ್ತಿತ್ತು, ಬಂದಾಗ ಒಂದು ಗಂಟೆಯೊಳಗೆ ಹೋಯಿತೇ, ಕೆಲವು ಗಂಟೆ ಇತ್ತೇ, ದಿನವಿಡೀ ಇತ್ತೇ ಎಂದು ಕೇಳುವುದು ಇದೊಂದೇ. ಸ್ನಾನ ಮಾಡಲು, ಬಟ್ಟೆ ಹಾಕಿಕೊಳ್ಳಲು ಸುಸ್ತು ಅಡ್ಡ ಬಂತೇ ಎಂದೂ ಕೇಳುತ್ತದೆ. ಹಂಡೆಯಿಂದ ಬಕೆಟ್ಟಿಗೆ ನೀರು ತೋಡಿ ಎತ್ತಿಡುವವರಿಗೆ ಸ್ನಾನದ ಪ್ರಶ್ನೆಯ ತೂಕ ಗೊತ್ತು.

ಯೋಚನಾಶಕ್ತಿಯ ಭಾಗಕ್ಕೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಸುಸ್ತಿನಿಂದ ಮರೆವಾಯಿತೇ, ಸ್ಪಷ್ಟವಾಗಿ ಯೋಚಿಸಲು ಕಷ್ಟವಾಯಿತೇ, ಗಮನ ನಿಲ್ಲಲಿಲ್ಲವೇ, ತಪ್ಪುಗಳಾದವೇ? ಮಧ್ಯಾಹ್ನ ನಾಲ್ಕರ ಮೇಲೆ ಯಂತ್ರದ ಕ್ರಮಸಂಖ್ಯೆಯನ್ನು ಓದಿ ರಿಜಿಸ್ಟರಿಗೆ ಬರೆಯುವಷ್ಟರಲ್ಲಿ ಅಂಕಿಗಳು ತಲೆಯಿಂದ ಜಾರಿಹೋಗುತ್ತಿದ್ದವು. ಎರಡೆರಡು ಸಲ ಓದಿ ಬರೆಯುತ್ತಿದ್ದೆ. ಇದು ವಯಸ್ಸಿನದು, ಮುಟ್ಟು ನಿಲ್ಲುವ ಕಾಲದ್ದು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅಚ್ಚಾದ ಹಾಳೆಯೊಂದು ಅದನ್ನು ರೋಗದ ಸುಸ್ತಿನ ಭಾಗವಾಗಿ ಕೇಳುತ್ತಿದೆ ಎಂದರೆ ಬೇರೆ ಎಷ್ಟೋ ಜನ ಇದನ್ನೇ ಹೇಳಿರಬೇಕಲ್ಲವೇ? ಭಾವನೆಯ ಭಾಗದಲ್ಲಿ ಸುಸ್ತಿನಿಂದ ಮುಜುಗರವಾಯಿತೇ ಎಂಬ ಪ್ರಶ್ನೆಯಿದೆ. ಅಂಗಡಿಯವರ ಎದುರು ಸ್ಟೂಲ್ ಕೇಳಿ ಕೂರುವಾಗ ಆಗುವುದು ಅದೇ. ಅದನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. "ಇದನ್ನೂ ಬರೆಯಬಹುದೇ?" ಎಂದು ಥೆರಪಿಸ್ಟನ್ನು ಕೇಳಿದೆ. "ಬರೆಯಲಿಕ್ಕೇ ಇರುವುದು ಮೇಡಂ" ಎಂದರು.

ಒಂದು ಗುಂಪಿನ ಪ್ರಶ್ನೆಗಳು ಮಾತ್ರ ನಮ್ಮ ಕಡೆಗೆ ಸರಿಯಾಗಿ ಕೂರುವುದಿಲ್ಲ. ಸುಸ್ತಿನಿಂದ ಆಮಂತ್ರಣಗಳನ್ನು ನಿರಾಕರಿಸಿದಿರಾ, ಹಾಕಿಕೊಂಡ ಕಾರ್ಯಕ್ರಮ ರದ್ದು ಮಾಡಿದಿರಾ? ನಾದಿನಿಯ ಮಗಳ ಮದುವೆಗೆ ಸುಸ್ತೆಂದು ಹೋಗದಿರಲು ಸಾಧ್ಯವೇ? ಪಕ್ಕದ ಮನೆಯಲ್ಲಿ ಸಾವಾದರೆ ಎದ್ದು ಹೋಗಲೇಬೇಕು. ಹೋಗುತ್ತೇವೆ, ಹಿಂದಿನ ದಿನವೇ ಹೋಗಿ ಕೆಲಸಕ್ಕೂ ನಿಲ್ಲುತ್ತೇವೆ. ಆಮೇಲೆ ಎರಡು ದಿನ ಏಳುವುದಿಲ್ಲ. ಹಾಳೆಯಲ್ಲಿ "ನಿರಾಕರಿಸಿಲ್ಲ" ಎಂದು ಸೊನ್ನೆ ಬೀಳುತ್ತದೆ. ಸುಸ್ತು ಸೊನ್ನೆ ಇರುವುದರಿಂದ ಬಂದ ಸೊನ್ನೆಯಲ್ಲ ಅದು. ಹೋಗದೆ ಇದ್ದಿರಾ ಎಂದು ಕೇಳುವ ಜೊತೆಗೆ, ಹೋಗಿ ಬಂದ ಮೇಲೆ ಎಷ್ಟು ದಿನ ಬೇಕಾಯಿತು ಎಂದೂ ಕೇಳಿದರೆ ಮಾತ್ರ ನಮ್ಮ ಹೆಂಗಸರ ಸುಸ್ತು ಹೊರಗೆ ಬರುತ್ತದೆ. ಕನ್ನಡದಲ್ಲಿ ಇಂಥದ್ದನ್ನು ಸಿದ್ಧಪಡಿಸುವ ಸಂಶೋಧಕರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಈ ಪ್ರಶ್ನೆಯನ್ನು ರೋಗಿಗಳ ಮುಂದಿಟ್ಟು ನೋಡಿ.

ಸಮಯ ಹತ್ತು ಹದಿನೈದು ನಿಮಿಷ ಬೇಕು, ಅದೂ ವಿವರಿಸುವವರು ಪಕ್ಕದಲ್ಲಿದ್ದರೆ. ನೂರು ಜನ ಕಾಯುತ್ತಿರುವ ಒಪಿಡಿಯಲ್ಲಿ ಪ್ರತಿ ಸಲ ಇದನ್ನು ತುಂಬಿಸುವುದು ಆಗದ ಮಾತು. ವರ್ಷಕ್ಕೊಮ್ಮೆ ದೊಡ್ಡದು, ಪ್ರತಿ ಭೇಟಿಗೆ ಮೂರು ಅಂಕಿಯ ಚಿಕ್ಕದು. ನನ್ನ ಕ್ಲಿನಿಕ್ ಈಗ ಹೀಗೆ ಮಾಡುತ್ತಿದೆ, ಇದು ನಡೆಯುವಂಥ ದಾರಿ.

ಬೇರೆ ರೋಗದವರಿಗೆ ಬೇರೆಯವೂ ಇವೆ. ಒಂಬತ್ತು ವಾಕ್ಯಗಳ ಫಟೀಗ್ ಸಿವಿಯರಿಟಿ ಸ್ಕೇಲ್ 1989ರದು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಮಂಡಲದ ಕಾಯಿಲೆ ಮತ್ತು ಲೂಪಸ್ ಇರುವ ರೋಗಿಗಳ ಮೇಲೆ ಪರೀಕ್ಷಿಸಿ ಸಿದ್ಧಪಡಿಸಿದ್ದು. ಲೂಪಸ್ ಇರುವ ನನ್ನ ಸಹೋದ್ಯೋಗಿಯ ತಂಗಿಗೆ ಅದನ್ನೇ ಕೊಡುತ್ತಾರೆ. ಸ್ಪಾಂಡಿಲೈಟಿಸ್‌ನವರು ತುಂಬುವ ಬಾಸ್ಡಾಯ್ ಎಂಬ ಆರು ಪ್ರಶ್ನೆಗಳ ಹಾಳೆಯಲ್ಲಿ ಮೊದಲ ಪ್ರಶ್ನೆಯೇ ಸುಸ್ತಿನದು. ಆ ರೋಗದ ತಜ್ಞರು 1994ರಲ್ಲೇ ಅದಕ್ಕೆ ಮೊದಲ ಜಾಗ ಕೊಟ್ಟಿದ್ದರು ಎಂಬುದು ಗೌರವ ಕೊಡಬೇಕಾದ ಸಂಗತಿ. ಕೈಗೆ ಕಟ್ಟುವ ಫಿಟ್‌ನೆಸ್ ಬ್ಯಾಂಡನ್ನೂ ಮಗ ತಂದುಕೊಟ್ಟಿದ್ದ. ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ. ಪೇಟೆಯ ಅಂಗಡಿ ಅಂಗಡಿ ತಿರುಗಿದ ದಿನ ಹೆಜ್ಜೆ ಬಹಳ, ಆ ದಿನ ಸುಸ್ತೂ ಬಹಳ. ಎದ್ದೇಳಲಾಗದೆ ಮಲಗಿದ ದಿನ ಹೆಜ್ಜೆ ಕಡಿಮೆ, ಸುಸ್ತು ಮಾತ್ರ ಅಷ್ಟೇ. ನಡಿಗೆಯನ್ನು ಹಂತಹಂತವಾಗಿ ಹೆಚ್ಚಿಸಲು ಅದು ಸಹಾಯ ಮಾಡಿತು, ಸುಸ್ತು ಎಷ್ಟಿದೆ ಎಂದು ಹೇಳಲಿಲ್ಲ.

ಬಳಸುವವರಿಗೆ ನನ್ನ ಅನುಭವದಿಂದ ಒಂದೆರಡು ಮಾತು. ಹಾಳೆಗಳು ಏಳು ದಿನದ ಬಗ್ಗೆ ಕೇಳಿದರೂ ಮನಸ್ಸು ನಿನ್ನೆಯದನ್ನೇ ಹೆಚ್ಚು ನೆನೆಯುತ್ತದೆ. ನಾನು ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವುದು ಶನಿವಾರ ರಾತ್ರಿ. ಭಾನುವಾರ ಪೂರ್ತಿ ಮೈ ಭಾರ. ಸೋಮವಾರ ತುಂಬಿದ ಹಾಳೆಗೂ ಶುಕ್ರವಾರ ತುಂಬಿದ ಹಾಳೆಗೂ ಅಂತರ ಕಾಣುತ್ತದೆ. ಆದ್ದರಿಂದ ಯಾವಾಗಲೂ ವಾರದ ಅದೇ ದಿನದಂದು, ಸಾಧ್ಯವಾದರೆ ಒಂದೇ ಹೊತ್ತಿನಲ್ಲಿ ತುಂಬುತ್ತೇನೆ. ಮನೆಯಲ್ಲೇ ತುಂಬಿ ಒಯ್ಯುತ್ತೇನೆ. ಕ್ಲಿನಿಕ್ಕಿನ ಗದ್ದಲದಲ್ಲಿ, ಟೋಕನ್ ಕೂಗುತ್ತಿರುವಾಗ ಹಾಕಿದ ಅಂಕಿಗೆ ನನಗೆ ನಂಬಿಕೆಯಿಲ್ಲ. ಗಂಡನೋ ಮಗಳೋ ತುಂಬಿಕೊಡುವುದು ಬೇಡ. ನನ್ನವರು ಒಮ್ಮೆ ಪ್ರೀತಿಯಿಂದಲೇ "ನೀನು ಅಷ್ಟೇನೂ ಸುಸ್ತಾಗಿರಲಿಲ್ಲ ಬಿಡು" ಎಂದು ನಾಲ್ಕರ ಮೇಲೆ ಬೆರಳಿಟ್ಟರು. ನಾನು ಏಳಕ್ಕೆ ಸುತ್ತು ಹಾಕಿದೆ. ಹೊರಗಿನಿಂದ ಓದಲಾಗದ ಅಳತೆ ಇದು, ಹೊತ್ತವರೇ ಓದಬೇಕು.

ಯುರೋಪಿನ ಸಂಧಿವಾತ ಸಂಘಗಳ ಒಕ್ಕೂಟ ಯೂಲಾರ್ 2023ರಲ್ಲಿ ಸಿದ್ಧಪಡಿಸಿದ ಶಿಫಾರಸುಗಳಲ್ಲಿ ಉರಿಯೂತದ ಸಂಧಿವಾತ ಇರುವವರ ಸುಸ್ತನ್ನು ನಿಯಮಿತವಾಗಿ ವಿಚಾರಿಸಬೇಕು, ಅವರಿಗೆ ತಕ್ಕ ವ್ಯಾಯಾಮವನ್ನೂ ಸುಸ್ತನ್ನು ನಿಭಾಯಿಸಲು ಕಲಿಸುವ ನೆರವನ್ನೂ ಒದಗಿಸಬೇಕು ಎಂದಿದೆ. ನಿಮ್ಮ ಡಾಕ್ಟರು ಕೇಳದಿದ್ದರೆ ನೀವೇ ಒಂದು ನೋಟ್‌ಬುಕ್ಕಿನಲ್ಲಿ ಆ ಮೂರು ಅಂಕಿಗಳನ್ನು ಬರೆದುಕೊಂಡು ಹೋಗಿ. ಎಷ್ಟಿತ್ತು, ಏನು ಮಾಡಿತು, ಹೇಗೆ ನಿಭಾಯಿಸಿದೆ. ಪಕ್ಕದಲ್ಲಿ ದಿನಾಂಕ. "ಸಾರ್, ಇದನ್ನು ಫೈಲಿಗೆ ಹಾಕಿ" ಎಂದು ಹೇಳಿ, ಅವರು ಬರೆದುಕೊಳ್ಳುವವರೆಗೆ ಕುರ್ಚಿಯಿಂದ ಏಳಬೇಡಿ.